ಮನೆಗೆ ಮಗು, ಮಗುವಿಗೆ ಮನೆ: ದತ್ತಕದ ಇನ್ನೂರು ವರ್ಷ



ಶಾಲೆ ಆರಂಭವಾಗುವ ದಿನಗಳಲ್ಲಿ ನಮ್ಮ ಮೇಜಿನ ಮೇಲೆ ದಾಖಲಾತಿ ರಿಜಿಸ್ಟರ್ ತೆರೆದೇ ಇರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ತಾಯಿಯ ಹೆಸರು. ಬರೆಯಲು ಎರಡು ನಿಮಿಷ ಸಾಕು. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಆ ಎರಡು ಕಲಂ ತುಂಬುವುದು ಬಹಳ ಕಷ್ಟ.

2023ರಲ್ಲಿ ಒಬ್ಬ ಹೆಣ್ಣುಮಗಳು ಆರು ವರ್ಷದ ಹುಡುಗಿಯ ಕೈ ಹಿಡಿದು ಬಂದರು. ಬಾಗಲಕೋಟೆ ಕಡೆಯವರು, ಕಟ್ಟಡ ಕೆಲಸಕ್ಕೆ ಹೋಗುವವರು. ತಂದೆಯ ಹೆಸರು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದು ನಮ್ಮ ಅಕ್ಕನ ಮಗಳ್ರೀ ಸರ. ಅಕ್ಕ, ಮಾವ ಇಬ್ಬರೂ ಈಗ ಇಲ್ಲ. ನಾವ ಸಾಕ್ಕೊಂಡೀವ್ರೀ. ಅಪ್ಪನ ಹೆಸರು ಅಂದ್ರ ಯಾರ್ದು ಬರಸೂದ್ರೀ? ನಮ್ಮ ಯಜಮಾನರ್ದು ಬರದ್ರ ನಡೀತೈತೇನ್ರೀ?"

ಹುಡುಗಿ ಚಿಕ್ಕಮ್ಮನ ಸೆರಗಿನ ಹಿಂದೆ ನಿಂತು ನಮ್ಮ ಪೆನ್ನಿನ ಕಡೆಗೇ ನೋಡುತ್ತಿದ್ದಳು.

ದಾಖಲಾತಿಗೆ ತೊಂದರೆಯಿರಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ಹಿಂದೆ ಕಳಿಸುವಂತಿಲ್ಲ. ಮಗುವನ್ನು ಸೇರಿಸಿಕೊಂಡೆವು. ಆದರೆ ಆಕೆ ಕೇಳಿದ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಇತಿಹಾಸದ ಪುಟಗಳೇ ತೆರೆದುಕೊಂಡವು. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹನ್ನೆರಡು ಬಗೆಯ ಮಕ್ಕಳು

ದತ್ತಕ ನಮಗೆ ಹೊಸದಲ್ಲ. ನೇಗಿಲ ಸಾಲಿನಲ್ಲಿ ಸಿಕ್ಕ ಸೀತೆಯನ್ನು ಜನಕ ಮಗಳೆಂದು ಬೆಳೆಸಿದ. ನದಿಯಲ್ಲಿ ತೇಲಿ ಬಂದ ಕರ್ಣನನ್ನು ರಾಧೆ ಮಡಿಲಿಗೆ ತೆಗೆದುಕೊಂಡಳು. ಆತ ಕೊನೆಯವರೆಗೂ ರಾಧೇಯನೆಂದೇ ಕರೆಸಿಕೊಂಡ. ಕೃಷ್ಣ ಎಂದರೆ ನಮಗೆ ಮೊದಲು ನೆನಪಾಗುವ ತಾಯಿ ಯಶೋದೆಯೇ ಅಲ್ಲವೇ?

ಕಥೆ ಹಾಗಿರಲಿ, ಕಾನೂನು ಏನು ಹೇಳುತ್ತಿತ್ತು? ಹಿಂದೂ ಕಾನೂನಿನ ದೊಡ್ಡ ಗ್ರಂಥ 'ಮಿತಾಕ್ಷರ' ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಹನ್ನೆರಡು ಬಗೆಯ ಪುತ್ರರ ಪಟ್ಟಿಯಿದೆ. ಹೆತ್ತ ಮಗ ಔರಸ. ಹೆತ್ತವರು ಕೊಟ್ಟ ಮಗ ದತ್ತಕ. ಹಣ ಕೊಟ್ಟು ತಂದವನು ಕ್ರೀತ. ಹೆತ್ತವರು ಬಿಟ್ಟುಹೋದ ಮಗುವನ್ನು ಯಾರಾದರೂ ಎತ್ತಿಕೊಂಡು ಸಾಕಿದರೆ ಅವನು ಅಪವಿದ್ಧ. ಪಟ್ಟಿಯಲ್ಲಿ ಅಪವಿದ್ಧನ ಜಾಗ ಕಟ್ಟಕಡೆಗೆ. ಮುಂದೆ ಬಳಕೆಯಲ್ಲಿ ಔರಸ ಮತ್ತು ದತ್ತಕ ಇವೆರಡೇ ಮುಖ್ಯವಾಗಿ ಉಳಿದವು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಇದೆಲ್ಲ ಪುತ್ರರ ಪಟ್ಟಿ. ಪಿಂಡ ಇಡಲು, ವಂಶ ನಡೆಸಲು, ಆಸ್ತಿ ಕಾಯಲು ಮಗ ಬೇಕಿತ್ತು. ಮನೆಗೆ ಮಗು ಬೇಕು ಎಂಬುದು ಆ ಕಾಲದ ಯೋಚನೆ. ಮಗುವಿಗೂ ಮನೆ ಬೇಕು ಎಂದು ಕಾನೂನು ಯೋಚಿಸಲು ಬಹಳ ಕಾಲ ಹಿಡಿಯಿತು.

ಕಿತ್ತೂರು, ನರಗುಂದ, ಮೈಸೂರು

ದತ್ತಕದ ಪ್ರಶ್ನೆಗಾಗಿ ಯುದ್ಧವೇ ನಡೆದ ನಾಡು ನಮ್ಮದು. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನಿಗೆ ಮಕ್ಕಳಿರಲಿಲ್ಲ. 1824ರಲ್ಲಿ ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ಸಂಸ್ಥಾನದ ಖಜಾನೆಗೆ ಕೈಹಾಕಿದ. ರಾಣಿ ಚೆನ್ನಮ್ಮ ಎದುರು ನಿಂತಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರ ಕೋಟೆಯ ಎದುರೇ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಡಾಲ್‌ಹೌಸಿ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂದು ಸಾತಾರಾ (1848), ಝಾನ್ಸಿ (1854), ನಾಗಪುರಗಳನ್ನು (1854) ನುಂಗುವುದಕ್ಕೆ ಎರಡು ದಶಕ ಮೊದಲಿನ ಮಾತಿದು.

ನರಗುಂದದ ಭಾಸ್ಕರರಾವ್ ಅವರಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರಲ್ಲಿ ಬಂಡೆದ್ದರು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಈ ಬಂಡಾಯಗಳ ಬಿಸಿ ತಟ್ಟಿದ ಮೇಲೆ ಸರಕಾರದ ಧೋರಣೆ ಬದಲಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಬ್ರಿಟಿಷರು ಅದನ್ನು ಒಪ್ಪಿದರು. 1881ರಲ್ಲಿ ರಾಜ್ಯ ಮರಳಿ ಒಡೆಯರ ಮನೆತನಕ್ಕೆ ಬಂತು. ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಆಗ ಸಿಂಹಾಸನದಲ್ಲಿದ್ದವರು ಅದೇ ದತ್ತು ಮಗು! ತರಗತಿಯಲ್ಲಿ ಈ ಪಾಠ ಮಾಡುವಾಗ ಈ ಮಾತನ್ನು ಒತ್ತಿ ಹೇಳುತ್ತೇವೆ. ಕೇಳುವ ಮಕ್ಕಳಲ್ಲಿ ಯಾರ ಮನೆಯ ಕಥೆ ಏನಿರುತ್ತದೋ ಯಾರು ಬಲ್ಲರು?

ಆದರೂ ಇವೆಲ್ಲ ಗಾದಿಯ ಕಥೆಗಳು. ಶಿವಲಿಂಗಪ್ಪನಿಗೆ ಏನು ಬೇಕಿತ್ತು ಎಂದು ಯಾರೂ ಬರೆದಿಡಲಿಲ್ಲ.

ಪುಣೆಯ ಒಂದು ಮನೆ

ಮಗುವಿನ ಕಡೆಯಿಂದ ಮೊದಲು ಯೋಚಿಸಿದವರಲ್ಲಿ ಶಿಕ್ಷಕರೇ ಇದ್ದರು ಎಂಬುದು ನಮಗೆ ಹೆಮ್ಮೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1863ರಲ್ಲಿ ಪುಣೆಯಲ್ಲಿ ಶಿಶುಹತ್ಯೆ ತಡೆಯುವ ಮನೆಯೊಂದನ್ನು ತೆರೆದರು. ವಿಧವೆಯರು ಗರ್ಭಿಣಿಯಾದರೆ ಸಮಾಜದ ಭಯಕ್ಕೆ ಹುಟ್ಟಿದ ಕೂಸನ್ನು ಕೊಲ್ಲುತ್ತಿದ್ದ ಕಾಲವದು. 'ಇಲ್ಲಿಗೆ ಬನ್ನಿ, ಗುಟ್ಟಾಗಿ ಹೆರಿಗೆ ಮಾಡಿಕೊಳ್ಳಿ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ' ಎಂಬುದು ಆ ಮನೆಯ ಕರೆ. ಅಲ್ಲಿ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಗೆ ಹುಟ್ಟಿದ ಯಶವಂತನನ್ನು ಫುಲೆ ದಂಪತಿ ತಾವೇ ದತ್ತು ಪಡೆದರು. ಯಶವಂತ ಡಾಕ್ಟರಾದ. 1897ರ ಪ್ಲೇಗಿನಲ್ಲಿ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು. ಅದೇ ರೋಗ ತಗುಲಿ ಸಾವಿತ್ರಿಬಾಯಿ ಮಾರ್ಚ್ 10ರಂದು ತೀರಿಕೊಂಡರು.

ಪಂಢರಪುರದಲ್ಲೂ 1875ರಲ್ಲಿ ಇಂಥದೇ ಆಶ್ರಯಧಾಮ ಆರಂಭವಾಯಿತು. ನಮ್ಮ ಕಡೆಯಿಂದ ವಿಠ್ಠಲನ ದರ್ಶನಕ್ಕೆ ಹೋಗುವವರು ಇದನ್ನೂ ನೆನೆಯಬೇಕು. ಸ್ಮೃತಿಯ ಪಟ್ಟಿಯಲ್ಲಿ ಕಡೆಗಿದ್ದ ಅಪವಿದ್ಧನಿಗೆ ಇಂಥ ಮನೆಗಳಲ್ಲಿ ಮೊದಲ ಜಾಗ ಸಿಕ್ಕಿತು.

ಗೋವಾದ ಕಥೆ ಬೇರೆ

ನಾವು ಬದುಕುತ್ತಿರುವ ಈ ನೆಲದ ಇತಿಹಾಸ ಇನ್ನೊಂದು ಬಗೆಯದು. 1559ರಲ್ಲಿ ಪೋರ್ಚುಗಲ್ ಅರಸೊತ್ತಿಗೆ ಒಂದು ಆಜ್ಞೆ ಹೊರಡಿಸಿತು. ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಇಲ್ಲದ ಹಿಂದೂ ಮಕ್ಕಳನ್ನು ಸಂತ ಪೌಲ ಕಾಲೇಜಿಗೆ ಒಪ್ಪಿಸಿ ಮತಾಂತರಿಸಬೇಕು ಎಂದು. ಅದೇ ಶತಮಾನದಲ್ಲಿ ಪೋರ್ಚುಗಲ್‌ನ ಅನಾಥ ಹೆಣ್ಣುಮಕ್ಕಳನ್ನು 'ರಾಜನ ಅನಾಥೆಯರು' ಎಂದು ಹೆಸರಿಟ್ಟು ಹಡಗಿನಲ್ಲಿ ಗೋವಾಕ್ಕೆ ಕಳಿಸುತ್ತಿದ್ದರು. ಇಲ್ಲಿಯ ಅಧಿಕಾರಿಗಳಿಗೆ ಮದುವೆ ಮಾಡಿಕೊಡಲು. ಯಾವ ಧರ್ಮದವರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಹಿಂದೂ ಕೂಸಾಗಲಿ, ಲಿಸ್ಬನ್ನಿನ ಹುಡುಗಿಯಾಗಲಿ, ದಿಕ್ಕಿಲ್ಲದ ಮಗುವನ್ನು ದೊಡ್ಡವರು ತಮಗೆ ಬೇಕಾದ ಕೆಲಸಕ್ಕೆ ಬಳಸಿದರು, ಅಷ್ಟೇ.

1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಿಂದ ಗೋವಾದಲ್ಲಿ ಜಾರಿಗೆ ಬಂತು. ಅದರಲ್ಲಿ ದತ್ತಕಕ್ಕೆ ಜಾಗವೇ ಇರಲಿಲ್ಲ. ಹಿಂದೂಗಳ ಪದ್ಧತಿಗಳಿಗಾಗಿ 1880ರ ಡಿಸೆಂಬರ್ 16ರಂದು ಪ್ರತ್ಯೇಕ ಆಜ್ಞೆ ಬಂದು, ಅವರ ದತ್ತಕ ಪದ್ಧತಿ ಉಳಿಯಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದರೂ ಗೋವಾ ಮೂಲದವರಿಗೆ ಆ ಹಳೆಯ ಸಂಹಿತೆಯೇ ಮುಂದುವರಿಯಿತು. ಹಾಗಾಗಿ ನಮ್ಮ ಝುವಾರಿನಗರದಂಥ ಊರಿನಲ್ಲಿ ವಿಚಿತ್ರ ಸ್ಥಿತಿ. 1970ರ ದಶಕದಲ್ಲಿ ಗೊಬ್ಬರದ ಕಾರ್ಖಾನೆಯ ಸುತ್ತ ಬೆಳೆದ ಊರಿದು. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದಿಂದ ಬಂದವರ ಮನೆ, ಪಕ್ಕದಲ್ಲೇ ಗೋವಾದ ಕ್ರೈಸ್ತರ ಮನೆ, ಆಚೆ ಮುಸ್ಲಿಮರ ಮನೆ. ದತ್ತಕದ ವಿಷಯದಲ್ಲಿ ಒಂದೊಂದು ಮನೆಗೆ ಒಂದೊಂದು ಕಾನೂನು! ಮಗು ಮಾತ್ರ ಎಲ್ಲರ ಮನೆಯಲ್ಲೂ ಒಂದೇ.

ಇಲ್ಲಿ ಇನ್ನೊಂದು ಕಹಿ ನೆನಪೂ ಇದೆ. ಮಡಗಾವಿಯಲ್ಲಿ ಅನಾಥಾಲಯ ನಡೆಸುತ್ತ ದಾನಿಯೆಂದು ಹೆಸರಾಗಿದ್ದ ಫ್ರೆಡಿ ಪೀಟ್ಸ್ 1991ರಲ್ಲಿ ಬಂಧನಕ್ಕೊಳಗಾದ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ರುಜುವಾತಾಗಿ 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 'ಅನಾಥ ಮಕ್ಕಳನ್ನು ಸಾಕುತ್ತಿದ್ದಾನೆ, ಪುಣ್ಯವಂತ' ಎಂದು ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಗೋವಾ ಆಗ ಕಲಿಯಿತು. 2003ರಲ್ಲಿ ಗೋವಾ ಮಕ್ಕಳ ಕಾಯ್ದೆ ಬಂತು.

ಮಗುವಿನ ಕಡೆಗೆ ತಿರುಗಿದ ಕಾನೂನು

ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮೊದಲ ದೊಡ್ಡ ಹೆಜ್ಜೆ. ಹೆಣ್ಣುಮಗುವನ್ನೂ ದತ್ತಕ ಪಡೆಯಬಹುದು ಎಂದಿತು. ಆದರೆ ಗಂಡನಿರುವ ಹೆಂಡತಿಗೆ ತಾನೇ ದತ್ತಕ ಪಡೆಯುವ ಹಕ್ಕು ಇರಲಿಲ್ಲ. ಅದು ಸಿಕ್ಕಿದ್ದು 2010ರ ತಿದ್ದುಪಡಿಯಲ್ಲಿ. ಎಲ್ಲ ಧರ್ಮದವರಿಗೂ ಒಂದೇ ದತ್ತಕ ಕಾನೂನು ತರಲು 1972ರಲ್ಲಿ ಮಸೂದೆ ಬಂತು, ಒಮ್ಮತ ಮೂಡದೆ ಬಿದ್ದುಹೋಯಿತು. ಹೀಗಾಗಿ ಕ್ರೈಸ್ತ, ಮುಸ್ಲಿಂ, ಪಾರ್ಸಿ ದಂಪತಿಗಳು 1890ರ ಕಾಯ್ದೆಯಡಿ ಮಗುವಿನ 'ಪೋಷಕ'ರಾಗಬಹುದಿತ್ತು, ಕಾನೂನಿನ ಕಣ್ಣಿನಲ್ಲಿ ತಂದೆ ತಾಯಿ ಆಗುವಂತಿರಲಿಲ್ಲ.

ದೊಡ್ಡ ತಿರುವು ಬಂದದ್ದು ಒಂದು ಪತ್ರದಿಂದ. ವಿದೇಶಗಳಿಗೆ ದತ್ತು ಹೆಸರಿನಲ್ಲಿ ಮಕ್ಕಳನ್ನು ಸಾಗಿಸುವ ದಂಧೆಯ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಕೊಟ್ಟು ನಿಯಮಗಳನ್ನು ಹಾಕಿದರು. ಅದರ ಫಲವಾಗಿ 1990ರಲ್ಲಿ ಕೇಂದ್ರ ದತ್ತು ಸಂಪನ್ಮೂಲ ಸಂಸ್ಥೆ ಹುಟ್ಟಿತು. ಇದನ್ನೇ ಜನ 'ಕಾರಾ' ಎನ್ನುತ್ತಾರೆ. 2000ನೇ ಇಸವಿಯ ಹೊತ್ತಿಗೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಫ್.ಐ. ರೆಬೆಲ್ಲೊ ಅವರು ಕ್ರೈಸ್ತ ದಂಪತಿಯೊಬ್ಬರ ಪ್ರಕರಣದಲ್ಲಿ, ಬಿಟ್ಟುಹೋದ ಮಗುವಿಗೆ ಕುಟುಂಬ ಸಿಗುವುದು ಆ ಮಗುವಿನ ಬದುಕುವ ಹಕ್ಕಿನ ಭಾಗ ಎಂದರು. ರೆಬೆಲ್ಲೊ ಗೋವಾದವರೇ.

2000ದ ಬಾಲನ್ಯಾಯ ಕಾಯ್ದೆ ಯಾವ ಧರ್ಮದವರಾದರೂ ದತ್ತು ಪಡೆಯುವ ದಾರಿ ತೆರೆಯಿತು. 2014ರಲ್ಲಿ ಶಬನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿತು. 2016ರ ಜನವರಿ 15ರಿಂದ ಹೊಸ ಬಾಲನ್ಯಾಯ ಕಾಯ್ದೆ ಜಾರಿಯಾಯಿತು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವ ಅಧಿಕಾರ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಬಂತು. ಹೀಗೆ ನಮ್ಮ ಓಣಿಯ ಎಲ್ಲ ಮನೆಗಳಿಗೂ ಒಂದೇ ಬಾಗಿಲು ಸಿಕ್ಕಿತು.

ಈಗಿನ ಕ್ರಮ

ಪಾಲಕರು ಆಗಾಗ ಕೇಳುವುದರಿಂದ ಚಿಕ್ಕದಾಗಿ ಹೇಳುತ್ತೇವೆ:

1. ಕಾರಾದ 'ಕೇರಿಂಗ್ಸ್' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಸ್ವಂತ ಬಳಕೆ ಗೊತ್ತಿಲ್ಲದವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಹಾಯ ಕೇಳಬಹುದು.
2. ದಂಪತಿಗಳಾದರೆ ಮದುವೆಯಾಗಿ ಕನಿಷ್ಠ ಎರಡು ವರ್ಷವಾಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಒಂಟಿ ಮಹಿಳೆ ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.
3. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ಮನೆ ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಮನಸ್ಸು, ಆರೋಗ್ಯ, ಮಗುವನ್ನು ಸಾಕುವ ಶಕ್ತಿ ಮುಖ್ಯ.
4. ಸರದಿ ಬಂದಾಗ ಮಗುವಿನ ವಿವರ ಬರುತ್ತದೆ. ಒಪ್ಪಿಗೆಯಾದರೆ ವಿಶೇಷ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ನೋಡಬೇಕು. ತಿಳಿವಳಿಕೆ ಬಂದ ಮಗುವಾದರೆ ಅದರ ಒಪ್ಪಿಗೆಯೂ ಬೇಕು.
5. ಜಿಲ್ಲಾಧಿಕಾರಿಯ ಆದೇಶದ ನಂತರ ಮಗು ಪೂರ್ತಿ ನಿಮ್ಮದು. ಹೆತ್ತ ಮಗುವಿಗಿರುವ ಎಲ್ಲ ಹಕ್ಕೂ ಅದಕ್ಕುಂಟು. ಎರಡು ವರ್ಷ ಅಧಿಕಾರಿಗಳು ಬಂದು ನೋಡಿಕೊಂಡು ಹೋಗುತ್ತಾರೆ.

ಸರದಿ ಬಹಳ ಉದ್ದ. ಕಾಯುವ ಅರ್ಜಿದಾರರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ 30 ಸಾವಿರ ದಾಟಿದೆ. 2024-25ರಲ್ಲಿ ದತ್ತು ಹೋದ ಮಕ್ಕಳು 4,500ಕ್ಕೆ ಸ್ವಲ್ಪ ಹೆಚ್ಚು. ಆರೋಗ್ಯವಂತ ಹಸುಗೂಸಿಗೆ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಅದೇ ಹೊತ್ತಿಗೆ ಏಳೆಂಟು ವರ್ಷ ದಾಟಿದ ಮಕ್ಕಳು, ಅಂಗವಿಕಲ ಮಕ್ಕಳು ಸಂಸ್ಥೆಗಳಲ್ಲಿ ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಾರೆ. ಒಂದು ಸಮಾಧಾನದ ಮಾತು: ಹಲವು ವರ್ಷಗಳಿಂದ ದತ್ತು ಹೋಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಪುತ್ರರ ಪಟ್ಟಿಯಿಂದ ಇಲ್ಲಿಗೆ ಬಂದಿದ್ದೇವೆ. ಆದರೆ ಬಿಟ್ಟುಹೋಗುವವರಲ್ಲೂ ಹೆಣ್ಣುಮಕ್ಕಳು ಹೆಚ್ಚು ಎಂಬ ಕಾರಣವೂ ಅದರ ಹಿಂದಿದೆ ಎನ್ನುವುದನ್ನು ಮರೆಯಬಾರದು.

ಕೈಯಿಂದ ಕೈಗೆ

ಈಗ ನಮ್ಮ ತಪ್ಪೊಂದನ್ನು ಹೇಳಲೇಬೇಕು.

ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗ ನಮ್ಮಲ್ಲಿ ಒಂದನೇ ತರಗತಿಗೆ ಸೇರಿದ. ಕರೆತಂದವರು ತಂದೆ ತಾಯಿಯೆಂದು ತಮ್ಮ ಹೆಸರು ಹೇಳಿದರು, ನಾವು ಬರೆದುಕೊಂಡೆವು. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಆ ಮನೆಯಲ್ಲಿ ಸ್ವಂತ ಮಗು ಹುಟ್ಟಿತ್ತು. ಒಂದು ದಿನ ಆಟದ ಜಗಳದಲ್ಲಿ ಓಣಿಯ ಹುಡುಗನೊಬ್ಬ, "ನೀ ಏನ್ ಅವರ ಮಗನೇನ? ಬಾಂಡ್ ಪೇಪರ್ ಮ್ಯಾಲೆ ತಂದಾರ ನಿನ್ನ" ಎಂದುಬಿಟ್ಟ. ವಿಚಾರಿಸಿದಾಗ ನಿಜ ಹೊರಬಂತು. ಊರಲ್ಲಿ ಕಷ್ಟದಲ್ಲಿದ್ದ ಯಾರೋ ಕೂಸನ್ನು ಉಡಿಗೆ ಹಾಕಿದ್ದರು. ಕಾಗದವೆಂದರೆ ಒಂದು ಬಾಂಡ್ ಪೇಪರ್, ಎರಡು ಸಹಿ. ಆ ವರ್ಷ ದೀಪಾವಳಿ ರಜೆಗೆ ಊರಿಗೆ ಹೋದ ಹುಡುಗ ಮರಳಿ ಬರಲಿಲ್ಲ. "ಅವರ ಮನ್ಯಾಗ ಬಿಟ್ಟ ಬಂದೀವ್ರೀ" ಎಂದರು. ಆ 'ಅವರ ಮನೆ' ಯಾವುದು, ಹುಡುಗ ಮುಂದೆ ಓದಿದನೇ, ನಮಗೆ ಗೊತ್ತಾಗಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ತೆಗೆದದ್ದಷ್ಟೇ ನಾವು ಮಾಡಿದ ಕೆಲಸ.

ಕೊಟ್ಟವರು ಕೆಟ್ಟವರಲ್ಲ, ತಂದವರೂ ಮೊದಲಿಗೆ ಪ್ರೀತಿಯಿಂದಲೇ ತಂದಿದ್ದರು. ಆದರೆ ಆ ಮಗುವಿಗಾಗಿ ಉತ್ತರ ಕೊಡಬೇಕಾದವರು ಯಾರೂ ಇರಲಿಲ್ಲ. ಕ್ರಮದಂತೆ ದತ್ತು ಆದ ಮಗುವನ್ನು ಹಬ್ಬದ ರಜೆಯಲ್ಲಿ ಊರಿಗೆ ಬಿಟ್ಟುಬರಲು ಆಗುವುದಿಲ್ಲ.

ಆದ್ದರಿಂದ ನಮ್ಮ ಓಣಿಗಳಲ್ಲಿ ಈ ಮಾತು ಎಲ್ಲರಿಗೂ ತಿಳಿಯಬೇಕು. ಮಗುವನ್ನು ಸಾಕಲು ನಿಜವಾಗಿಯೂ ಆಗದಿದ್ದರೆ ತಾಯಿ ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ಮದುವೆಯಾಗದ ತಾಯಿಯಾದರೂ ಹೆದರಬೇಕಿಲ್ಲ, ಗುಟ್ಟು ಕಾಯುತ್ತಾರೆ. ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಕಾಶವಿದೆ. ಬಡತನವೇ ಕಾರಣವಾದರೆ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಕೊಡುವ ಮಾತಿಗಿಂತ ಮೊದಲು ಅದನ್ನು ಕೇಳಬೇಕು. ಬಿಟ್ಟುಹೋದ ಕೂಸು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಅಂಥ ಮಗುವಿನ ಸುದ್ದಿಯನ್ನು 24 ಗಂಟೆಯೊಳಗೆ ತಿಳಿಸದಿರುವುದು ಅಪರಾಧ. ಹಣ ಕೊಟ್ಟು ಮಗು ತರುವುದು, ಮಾರುವುದು ಎರಡಕ್ಕೂ ಐದು ವರ್ಷದವರೆಗೆ ಜೈಲು. 'ಕ್ರೀತ' ಪುತ್ರನ ಕಾಲ ಮುಗಿದಿದೆ.

ಮತ್ತೆ ಆ ರಿಜಿಸ್ಟರ್

ಅಕ್ಕನ ಮಗಳ ವಿಷಯದಲ್ಲಿ ಹಳೆಯ ತಪ್ಪು ಮತ್ತೆ ಮಾಡಬಾರದೆಂದು ನಿಶ್ಚಯಿಸಿದೆವು. ತಂದೆಯ ಕಲಂನಲ್ಲಿ ಹೆತ್ತ ತಂದೆಯ ಹೆಸರನ್ನೇ ಬರೆದು, ಪೋಷಕರೆಂದು ಚಿಕ್ಕಮ್ಮನ ಹೆಸರು ಬರೆದೆವು. ಚಿಕ್ಕಮ್ಮ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಜ್ಜ, ಅಜ್ಜಿ ಇಂಥ ಸಂಬಂಧಿಕರು ದತ್ತು ಪಡೆಯಲು ಬಾಲನ್ಯಾಯ ಕಾಯ್ದೆಯಲ್ಲಿ ಪ್ರತ್ಯೇಕ ದಾರಿಯಿದೆ, ಆ ಉದ್ದ ಸರದಿಯಲ್ಲಿ ನಿಲ್ಲಬೇಕಿಲ್ಲ ಎಂದು ತಿಳಿಸಿದೆವು. ಹೆತ್ತವರು ಇದ್ದರೆ ಅವರ ಒಪ್ಪಿಗೆ, ಇಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು.

ಹೇಳಿದಷ್ಟು ಸುಲಭ ಇರಲಿಲ್ಲ. ಅಕ್ಕ ಮಾವನ ಮರಣ ಪ್ರಮಾಣಪತ್ರ ಊರಿನಿಂದ ಬರಬೇಕಿತ್ತು. ಒಂದೊಂದು ಓಡಾಟಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತಿತ್ತು. "ಸಾಕ್ರೀ ಸರ, ನಮ್ಮ ಮಗಳು ನಮಗ ಗೊತ್ತಿಲ್ಲೇನು?" ಎಂದು ಆಕೆ ಒಮ್ಮೆ ಬೇಸತ್ತು ಕೈಚೆಲ್ಲಿದ್ದೂ ಉಂಟು. ನಾವು ಆ ಹುಡುಗನ ಕಥೆ ಹೇಳಿದೆವು. ಆಕೆ ಮಾತಾಡಲಿಲ್ಲ, ಮರುದಿನ ಕಾಗದದ ಚೀಲ ಹಿಡಿದು ಮತ್ತೆ ಬಂದರು. ಆದೇಶ ಕೈಗೆ ಬರಲು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆದೇಶ ಬಂದ ದಿನ ರಿಜಿಸ್ಟರ್ ತೆರೆದು, ಕ್ರಮದಂತೆ ತಿದ್ದುಪಡಿ ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿದೆವು. 2023ರ ಅಕ್ಟೋಬರಿನಿಂದ ಜಾರಿಯಾದ ಜನನ ಮರಣ ನೋಂದಣಿ ತಿದ್ದುಪಡಿಯಲ್ಲಿ ದತ್ತು ಮಕ್ಕಳ ನೋಂದಣಿಗೂ ಅವಕಾಶವಿದೆ. ಅದನ್ನೂ ಮಾಡಿಸಿರಿ ಎಂದು ಹೇಳಿ ಕಳಿಸಿದೆವು. ಹುಡುಗಿ ಮೇಜಿಗೆ ಒರಗಿ ನಿಂತು ತನ್ನ ಸಾಲನ್ನು ಬೆರಳಿಟ್ಟು ಓದಿದಳು. ಆಗ ಅವಳಿಗೆ ಓದು ಬರುತ್ತಿತ್ತು. "ಸರ, ನನ್ನ ಮೊದಲಿನ ಅಪ್ಪ ಅವ್ವನ ಹೆಸರು ಅಳಿಸಿ ಹೋಗ್ತೈತೇನ್ರೀ?" ಎಂದು ಕೇಳಿದಳು. "ಇಲ್ಲಮ್ಮ, ಆ ಹೆಸರೂ ಅಲ್ಲೇ ಇರ್ತಾವ, ನೋಡು" ಎಂದು ಹಳೆಯ ಸಾಲು ತೋರಿಸಿದೆವು. ಅವಳು ಎರಡನ್ನೂ ಇನ್ನೊಮ್ಮೆ ಓದಿ ತರಗತಿಗೆ ಓಡಿದಳು.

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ರಿಜಿಸ್ಟರಿನ ಆ ಎರಡು ಕಲಂ ತುಂಬುವಾಗ ಒಂದು ನಿಮಿಷ ನಿಲ್ಲಿ. ಕೇಳಬೇಕಾದದ್ದನ್ನು ಮಗುವಿನ ಎದುರಿಗಲ್ಲ, ಪಾಲಕರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ. ತರಗತಿಯಲ್ಲಿ 'ಸಾಕಿದ ಮಗ' ಎಂಬ ಮಾತು ಹಂಗಿಸುವ ಮಾತಾಗದಂತೆ ನೋಡಿಕೊಳ್ಳಿ. ಕಿತ್ತೂರಿನ ಪಾಠ ಬಂದಾಗ ಚೆನ್ನಮ್ಮನ ಖಡ್ಗದ ಜೊತೆ ಶಿವಲಿಂಗಪ್ಪನ ಹೆಸರನ್ನೂ ಹೇಳಿ. ಆ ಯುದ್ಧದ ನಡುವೆ ಒಂದು ದತ್ತು ಮಗು ಇತ್ತು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.